ಮೊದಲ ವಿಮಾನ ಯಾವುದು? ಹೊಸ ಮಾರ್ಗ ತೆರೆಯುವ ಸಣ್ಣ ಸಂಸ್ಥೆಗೆ 9 ಸೀಟಿನಿಂದ 78 ಸೀಟಿನವರೆಗೆ ಒಂದು ಹೋಲಿಕೆ

ಹೊಸ ಮಾರ್ಗ ತೆರೆಯಲು ಹೊರಟ ಸಣ್ಣ ವಿಮಾನಯಾನ ಸಂಸ್ಥೆಯ ಮೇಜಿನ ಮೇಲೆ ಮೂರು-ನಾಲ್ಕು ತಯಾರಕರ ಕರಪತ್ರಗಳು ಬಿದ್ದಿರುತ್ತವೆ. ಎಲ್ಲದರಲ್ಲೂ ದಪ್ಪಕ್ಷರದ ಸಾಲು ಒಂದೇ: ಪ್ರತಿ ಸೀಟಿಗೆ ತಗಲುವ ಖರ್ಚು. ಆ ಸಾಲನ್ನು ಸದ್ಯಕ್ಕೆ ಕೈಯಿಂದ ಮುಚ್ಚಿ. ದೊಡ್ಡ ವಿಮಾನದಲ್ಲಿ ಸೀಟಿನ ಖರ್ಚು ಯಾವಾಗಲೂ ಕಡಿಮೆಯೇ ಕಾಣುತ್ತದೆ, ಅದು ಅಷ್ಟೂ ಸೀಟು ತುಂಬಿದ ದಿನದ ಲೆಕ್ಕವಾದ್ದರಿಂದ. ಹೊಸ ಮಾರ್ಗವೊಂದು ಜನರ ಬಾಯಿಗೆ ಬಂದು ನೆಲೆ ನಿಲ್ಲಲು ಆರು ತಿಂಗಳೋ ಒಂದು ವರ್ಷವೋ ಬೇಕು. ಅಲ್ಲಿಯವರೆಗೆ ಸಂಸ್ಥೆಯನ್ನು ತೇಲಿಸುವುದೂ ಮುಳುಗಿಸುವುದೂ ಟ್ರಿಪ್ಪಿನ ಖರ್ಚು. ಅಂದರೆ, ಒಳಗೆ ಹತ್ತು ಜನರಿರಲಿ ಎಪ್ಪತ್ತು ಜನರಿರಲಿ, ವಿಮಾನ ಒಮ್ಮೆ ಎದ್ದು ಇನ್ನೊಂದು ಕಡೆ ಇಳಿಯಲು ತಗಲುವ ಒಟ್ಟು ಹಣ.

ಒಂದು ಕಲ್ಪಿತ ಲೆಕ್ಕ ಹಾಕಿ ನೋಡೋಣ. ಎಟಿಆರ್ ಕಂಪನಿಯ ಪ್ರೊಪೆಲ್ಲರ್ ವಿಮಾನಗಳಲ್ಲಿ 70 ಸೀಟಿನ ಎಟಿಆರ್ 72ರ ಒಂದು ಟ್ರಿಪ್ಪಿಗೆ 100 ಖರ್ಚಾಗುತ್ತದೆ, 48 ಸೀಟಿನ ಎಟಿಆರ್ 42ಕ್ಕೆ 85 ಆಗುತ್ತದೆ ಎಂದಿಟ್ಟುಕೊಳ್ಳಿ. ಎರಡೂ ತುಂಬಿದರೆ ತಲಾ ಖರ್ಚು 72ರಲ್ಲಿ 1.43, 42ರಲ್ಲಿ 1.77. ಕರಪತ್ರ ತೋರಿಸುವುದು ಇದನ್ನೇ. ಆದರೆ ಬಂದವರು 40 ಜನವಾದರೆ 72ರಲ್ಲಿ ತಲೆಗೆ 2.50, 42ರಲ್ಲಿ 2.13. ಎಟಿಆರ್ 72 ಗೆಲ್ಲಬೇಕಾದರೆ ಪ್ರತಿ ಟ್ರಿಪ್ಪಿಗೂ 57 ಜನ ಬರಬೇಕು. 49ರಿಂದ 56ರ ನಡುವಿನದು ಇಬ್ಬಂದಿಯ ಜಾಗ: 42 ಅಗ್ಗ, ಆದರೆ ಕೆಲವರನ್ನು ಬಾಗಿಲಲ್ಲೇ ವಾಪಸ್ ಕಳಿಸಬೇಕಾಗುತ್ತದೆ. ನಿಮ್ಮ ಸ್ವಂತ ಅಂಕಿಗಳನ್ನು ಹಾಕಿ ಈ ಲೆಕ್ಕ ಮಾಡದೆ ಯಾವ ಮಾರಾಟಗಾರನ ಜೊತೆಗೂ ಮಾತಿಗೆ ಕೂರಬೇಡಿ.

ವಿಮಾನ ನೋಡುವ ಮೊದಲು ಅಳೆಯಬೇಕಾದ್ದು

ಮೊದಲನೆಯದು ದಿನಕ್ಕೆ ಒಂದು ದಿಕ್ಕಿನಲ್ಲಿ ಎಷ್ಟು ಜನ ಎಂಬುದು. ಅದನ್ನು ಎಷ್ಟು ಹಾರಾಟಗಳಾಗಿ ಒಡೆಯುತ್ತೀರಿ ಎನ್ನುವುದೂ ಅಷ್ಟೇ ಮುಖ್ಯ. 60 ಜನರಿದ್ದರೆ ಎಟಿಆರ್ 72 ಒಂದೇ ಸಲ ಎಲ್ಲರನ್ನೂ ಒಯ್ಯುತ್ತದೆ. ಆದರೆ ಕೆಲಸಕ್ಕೆ ಹೋಗಿ ಅದೇ ದಿನ ಮರಳುವವರಿಗೆ ಬೆಳಗ್ಗೆ ಒಂದು, ಸಂಜೆ ಒಂದು ಬೇಕು. ದಿನಕ್ಕೊಂದೇ ಹಾರಾಟ, ಅದೂ ನಡುಮಧ್ಯಾಹ್ನ ಎಂದರೆ ಹೆಚ್ಚು ದುಡ್ಡು ಕೊಡಬಲ್ಲ ಈ ಪ್ರಯಾಣಿಕರು ರಸ್ತೆಯಲ್ಲೇ ಉಳಿಯುತ್ತಾರೆ. ನಿಮ್ಮ ಪಾಲಿಗೆ ಉಳಿಯುವುದು ಅಗ್ಗದ ಟಿಕೆಟ್ಟಿಗೆ ಕಾಯುವವರು. ಹಾಗಾಗಿ ದಿನಕ್ಕೆರಡು ಹಾರಾಟ ನಡೆಸಲಾಗದಷ್ಟು ದೊಡ್ಡ ವಿಮಾನ ಮೊದಲ ವರ್ಷಕ್ಕೆ ದೊಡ್ಡದೇ.

ಎರಡನೆಯದನ್ನು ಬಹಳಷ್ಟು ಜನ ಕೊನೆಯಲ್ಲಿ ನೋಡಿ ಕೈಸುಟ್ಟುಕೊಳ್ಳುತ್ತಾರೆ: ವಿಮಾನ ನಿಲ್ದಾಣದ ಅಗ್ನಿಶಾಮಕ ವರ್ಗ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯಾದ ಐಸಿಎಒದ ನಿಯಮದಲ್ಲಿ ಇದು ವಿಮಾನದ ಉದ್ದ ಮತ್ತು ಒಡಲಿನ ಅಗಲದ ಮೇಲೆ ನಿಂತಿದೆ. 12ರಿಂದ 18 ಮೀಟರಿನೊಳಗಿನ ವಿಮಾನಕ್ಕೆ 3ನೇ ವರ್ಗ, 18ರಿಂದ 24ರೊಳಗೆ 4, 24ರಿಂದ 28ರೊಳಗೆ 5, 28ರಿಂದ 39ರೊಳಗೆ 6. 19 ಸೀಟಿನ ಟ್ವಿನ್ ಓಟರ್ 15.77 ಮೀಟರ್, ಅಂದರೆ 3ನೇ ವರ್ಗ. ಎಟಿಆರ್ 42 22.67 ಮೀಟರ್ ಇದ್ದು 4ಕ್ಕೆ ಬರುತ್ತದೆ. ಎಟಿಆರ್ 72 27.17 ಮೀಟರ್, 5ನೇ ವರ್ಗ. 78 ಸೀಟಿನ ಪ್ರೊಪೆಲ್ಲರ್ ವಿಮಾನ ಡ್ಯಾಶ್ 8-400 32.8 ಮೀಟರ್, ಎಂಬ್ರೇಯರ್ ಇ175 ಜೆಟ್ 31.68 ಮೀಟರ್, ಎರಡೂ 6ರಲ್ಲಿ ಬೀಳುತ್ತವೆ. ವರ್ಗ ಏರಿದಂತೆ ನೀರು, ನೊರೆ, ಸಿಬ್ಬಂದಿ ಎಲ್ಲವೂ ಏರುತ್ತವೆ. 6ಕ್ಕೆ ಎರಡು ಅಗ್ನಿಶಾಮಕ ವಾಹನ ಬೇಕು. ಒಂದು ಸಡಿಲಿಕೆ ಇದೆ. ವರ್ಷದ ಅತಿ ದಟ್ಟಣೆಯ ಮೂರು ತಿಂಗಳಲ್ಲಿ ಆ ದೊಡ್ಡ ವರ್ಗದ ವಿಮಾನಗಳ ಏರಿಳಿತ (ಏರುವುದೊಂದು, ಇಳಿಯುವುದೊಂದು ಎಂದು ಎಣಿಸಿ) 700ಕ್ಕಿಂತ ಕಡಿಮೆ ಇದ್ದರೆ ಒಂದು ವರ್ಗ ಕೆಳಗಿನ ವ್ಯವಸ್ಥೆ ಸಾಕು. ದಿನಕ್ಕೆ ಎರಡು ಸಲ ಬಂದುಹೋದರೆ ನಾಲ್ಕು ಏರಿಳಿತ, ಮೂರು ತಿಂಗಳಿಗೆ ಸುಮಾರು 360. ಅಂದರೆ 4ನೇ ವರ್ಗದ ಸಣ್ಣ ನಿಲ್ದಾಣಕ್ಕೂ ಎಟಿಆರ್ 72 ಬರಬಹುದು, ಡ್ಯಾಶ್ 8-400 ಬರಲಾಗದು. ಆದರೆ ಈ ಸಡಿಲಿಕೆಯನ್ನು ನಿಮ್ಮ ದೇಶದ ನಿಯಂತ್ರಕರು ಒಪ್ಪಿದ್ದಾರೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ವಾಹನ ಇದ್ದರೆ ಸಾಲದು, ನಿಮ್ಮ ಸಂಜೆಯ ಹಾರಾಟದ ಹೊತ್ತಿಗೆ ಅದರ ಮೇಲೆ ಸಿಬ್ಬಂದಿ ಇರುತ್ತಾರೆಯೇ ಎಂಬುದನ್ನೂ ಕೇಳಿ.

ಮೂರನೆಯದು ರನ್‌ವೇ. ಅದರ ಉದ್ದ ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ಕರಪತ್ರದ ಟೇಕಾಫ್ ದೂರ ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್‌ಗೆ ಬರೆದದ್ದು. ನಿಮ್ಮ ನಿಲ್ದಾಣ 3,000 ಅಡಿ ಎತ್ತರದಲ್ಲಿದೆ, ಮಧ್ಯಾಹ್ನ 35 ಡಿಗ್ರಿ ಎಂದುಕೊಳ್ಳಿ. ಸಾವಿರ ಅಡಿಗೆ 2 ಡಿಗ್ರಿಯಂತೆ ಅಲ್ಲಿ ಪ್ರಮಾಣಿತ ತಾಪ 9 ಡಿಗ್ರಿ ಇರಬೇಕಿತ್ತು, 26 ಡಿಗ್ರಿ ಹೆಚ್ಚಿದೆ. ಹೆಚ್ಚಿನ ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಿ: 3,120 ಅಡಿ. ರೆಕ್ಕೆ, ಎಂಜಿನ್, ಪ್ರೊಪೆಲ್ಲರ್ ಮೂರಕ್ಕೂ ಆ ನಿಲ್ದಾಣ ಆಗ 6,100 ಅಡಿ ಎತ್ತರದ್ದು. ಟೇಕಾಫ್ ದೂರ ಉದ್ದವಾಗುತ್ತದೆ. ಒಂದು ಎಂಜಿನ್ ನಿಂತರೆ ಏರುವ ಶಕ್ತಿ ಕುಗ್ಗುತ್ತದೆ. ಎದುರಿಗೆ ಗುಡ್ಡ ಇದ್ದರೆ ಆ ಕುಗ್ಗಿದ ಏರುವಿಕೆಯೇ ಎಷ್ಟು ಸೀಟು ಮಾರಬಹುದು ಎಂದು ತೀರ್ಮಾನಿಸುತ್ತದೆ. ಆದ್ದರಿಂದ ತಯಾರಕರ ಹತ್ತಿರ ಕೇಳಬೇಕಾದದ್ದು ಹೀಗೆ: ನಮ್ಮ ಎರಡೂ ರನ್‌ವೇಗಳಿಗೆ, ನಮ್ಮ ಕಡುಬೇಸಿಗೆಯ ಮಧ್ಯಾಹ್ನದ ತಾಪಕ್ಕೆ, ಅಡೆತಡೆಗಳ ಅಳತೆ ಸೇರಿಸಿ, ಎಷ್ಟು ಕಿಲೋ ಪ್ರಯಾಣಿಕರು ಮತ್ತು ಲಗೇಜು ಹೊರಬಹುದು?

ನಾಲ್ಕನೆಯದು ನಿಯಮಗಳ ಮೆಟ್ಟಿಲುಗಳು. ವಿಮಾನಗಳು 19, 50 ಸೀಟಿನಲ್ಲಿ ಗುಂಪುಗೂಡಿರುವುದು ಕಾಕತಾಳೀಯವಲ್ಲ. 19 ಸೀಟಿನವರೆಗೆ ಕ್ಯಾಬಿನ್ ಸಿಬ್ಬಂದಿ ಕಡ್ಡಾಯವಲ್ಲ. ಅದರ ಮೇಲೆ 50 ಸೀಟಿಗೆ ಒಬ್ಬರು, 51ಕ್ಕೆ ಇಬ್ಬರು. 60 ಸೀಟು ದಾಟಿದರೆ ಕಾಕ್‌ಪಿಟ್‌ಗೆ ಭದ್ರ ಬಾಗಿಲು ಬೇಕು. 5,700 ಕೆಜಿ ತೂಕ ದಾಟಿದರೆ ಅಥವಾ 19 ಸೀಟು ಮೀರಿದರೆ ಡಿಕ್ಕಿ ತಪ್ಪಿಸುವ ಎಕಾಸ್ ವ್ಯವಸ್ಥೆ ಕಡ್ಡಾಯ. ಟ್ವಿನ್ ಓಟರ್‌ನ ಗರಿಷ್ಠ ತೂಕ 5,670 ಕೆಜಿ, ಗೆರೆಗೆ 30 ಕೆಜಿ ಈಚೆ. ಇದೇ ಗೆರೆ ಇನ್ನೊಂದು ಕಡೆಯೂ ತೊಡಕಾಗುತ್ತದೆ. ದೊಡ್ಡ ಸಂಸ್ಥೆಯ ಜೊತೆ ಕೋಡ್‌ಶೇರ್ (ನಿಮ್ಮ ಹಾರಾಟದ ಟಿಕೆಟ್ಟನ್ನು ಅವರೂ ತಮ್ಮ ಹೆಸರಿನಲ್ಲಿ ಮಾರುವ ಒಪ್ಪಂದ) ಮಾಡಿಕೊಳ್ಳಬೇಕಾದರೆ ಅವರು ಸಾಮಾನ್ಯವಾಗಿ ವಿಮಾನಯಾನ ಸಂಸ್ಥೆಗಳ ಜಾಗತಿಕ ಒಕ್ಕೂಟವಾದ ಐಯಾಟಾದ ಐಯೋಸಾ ಸುರಕ್ಷತಾ ತಪಾಸಣೆ ಕೇಳುತ್ತಾರೆ. ಅದಕ್ಕೆ 5,700 ಕೆಜಿಗಿಂತ ಭಾರದ ವಿಮಾನ ಇರಬೇಕು. ಅದಿಲ್ಲದವರಿಗೆ ಇಸ್ಸಾ ಎಂಬ ಬೇರೆ ತಪಾಸಣೆಯಿದೆ. ಸಂಪರ್ಕ ಪ್ರಯಾಣಿಕರನ್ನು ನಂಬಿಯೇ ಮಾರ್ಗ ಹಾಕುವವರು ಈ ವಿಷಯವನ್ನು ಪಾಲುದಾರರ ಹತ್ತಿರ ಮೊದಲೇ ಮಾತಾಡಿಕೊಳ್ಳಬೇಕು.

ಐದನೆಯದು, ಕೆಟ್ಟರೆ ಯಾರು, ಎಷ್ಟು ಹೊತ್ತಿನಲ್ಲಿ ಎಂಬ ಪ್ರಶ್ನೆ. ಅದರ ಮಾತು ಕೊನೆಯಲ್ಲಿ ಬರುತ್ತದೆ.

9 ಸೀಟು: ಸೆಸ್ನಾ ಗ್ರ್ಯಾಂಡ್ ಕ್ಯಾರವಾನ್ ಇಎಕ್ಸ್

867 ಅಶ್ವಶಕ್ತಿಯ ಒಂದೇ ಪಿಟಿ6 ಎಂಜಿನ್, ಸುಮಾರು 3,995 ಕೆಜಿ ಗರಿಷ್ಠ ತೂಕ, ಮಡಚದ ಚಕ್ರಗಳು. ಸಮುದ್ರ ಮಟ್ಟದಲ್ಲಿ 660 ಮೀಟರ್ ಆಸುಪಾಸಿನಲ್ಲಿ ಏರುತ್ತದೆ. ಟ್ರಿಪ್ಪಿನ ಖರ್ಚು ಈ ಪಟ್ಟಿಯಲ್ಲೇ ಅತಿ ಕಡಿಮೆ. ಒಂದು ಗಂಟೆಯ ದಾರಿಗೆ 9 ಜನರನ್ನು ಲಗೇಜು ಸಮೇತ ತುಂಬಿಸಿಕೊಂಡೇ ಹಾರಬಲ್ಲದು. ದಿನಕ್ಕೆ 20-30 ಜನ ಮಾತ್ರ ಇರುವ ದಾರಿಗೆ ಇದಕ್ಕೆ ಸಾಟಿ ಇಲ್ಲ.

ತೊಡಕು ಇರುವುದು ಆ ಒಂದೇ ಎಂಜಿನ್ನಿನಲ್ಲಿ. ವಾಣಿಜ್ಯ ಪ್ರಯಾಣಿಕ ಹಾರಾಟವನ್ನು ರಾತ್ರಿ ಅಥವಾ ಮೋಡದೊಳಗೆ ನಡೆಸಲು ವಿಶೇಷ ಅನುಮತಿ ಬೇಕು; ಯುರೋಪು ಇದಕ್ಕೆ ಬಾಗಿಲು ತೆರೆದದ್ದೇ 2017ರಲ್ಲಿ. ನಿಮ್ಮ ನಿಯಂತ್ರಕರು ಒಪ್ಪದಿದ್ದರೆ ಹಗಲು, ಸ್ಪಷ್ಟ ಆಕಾಶ ಎರಡೂ ಕೂಡಿದಾಗ ಮಾತ್ರ ಹಾರಾಟ. ಮಳೆಗಾಲದಲ್ಲಿ ವೇಳಾಪಟ್ಟಿ ಎಂಬುದು ಕಾಗದದ ಮೇಲಷ್ಟೇ ಉಳಿಯುತ್ತದೆ. ಕ್ಯಾಬಿನ್‌ಗೆ ಒತ್ತಡ ವ್ಯವಸ್ಥೆಯೂ ಇಲ್ಲ. ಹಾಗಾಗಿ 10,000 ಅಡಿಯ ಮೇಲೆ ಹೆಚ್ಚು ಹೊತ್ತು ಇರಬೇಕಾದರೆ ಆಮ್ಲಜನಕದ ವ್ಯವಸ್ಥೆ ಬೇಕು. ಬೆಟ್ಟ ದಾಟುವ ಅಥವಾ ಗುಡುಗುಮೋಡಗಳ ಮಧ್ಯೆ ದಾರಿ ಹುಡುಕುವ ಮಾರ್ಗಕ್ಕೆ ಇದು ಬೇಡ.

19 ಸೀಟು: ಕರಪತ್ರದ ಸೀಟು ಬೇರೆ, ಮಾರುವ ಸೀಟು ಬೇರೆ

ಇಲ್ಲಿ ಎಲ್ಲರ ಬಾಯಲ್ಲಿ ಮೊದಲು ಬರುವ ಹೆಸರು ಡಿಎಚ್‌ಸಿ-6 ಟ್ವಿನ್ ಓಟರ್. 1965ರಲ್ಲಿ ಮೊದಲು ಹಾರಿದ ವಿನ್ಯಾಸ. ಗಿಡ್ಡ ರನ್‌ವೇ ವಿಧಾನದಲ್ಲಿ 366 ಮೀಟರ್ ಸಾಕು ಎನ್ನುವುದು ಅದರ ಹೆಗ್ಗಳಿಕೆ. ಆದರೆ ಅದು 19 ಜನರನ್ನು ಎಲ್ಲಾ ದಾರಿಯಲ್ಲೂ ಹೊರುವುದಿಲ್ಲ. ಲೆಕ್ಕ ಹೀಗಿದೆ. ಗರಿಷ್ಠ ತೂಕ 5,670 ಕೆಜಿ. ಇಬ್ಬರು ಪೈಲಟ್‌ಗಳೂ ಸೇರಿ ಹಾರಲು ಸಜ್ಜಾದ ಖಾಲಿ ತೂಕ 3,600 ಕೆಜಿ ಎಂದಿಟ್ಟುಕೊಳ್ಳಿ. ಉಳಿದದ್ದು 2,070. ಒಂದು ಗಂಟೆಯ ಹಾರಾಟಕ್ಕೆ ಸುಮಾರು 290 ಕೆಜಿ ಇಂಧನ. ಗಮ್ಯದಲ್ಲಿ ಇಳಿಯಲಾಗದಿದ್ದರೆ ಅರ್ಧ ಗಂಟೆ ದೂರದ ಬದಲಿ ನಿಲ್ದಾಣಕ್ಕೆ 150, ಮುಟ್ಟಲೇಬಾರದ 30 ನಿಮಿಷದ ಮೀಸಲಿಗೆ 140, ಟ್ಯಾಕ್ಸಿಗೆ (ನಿಲ್ದಾಣದ ನೆಲದ ಮೇಲಿನ ಓಡಾಟಕ್ಕೆ) ಮತ್ತು ಆಕಸ್ಮಿಕಕ್ಕೆ ಇನ್ನೊಂದು 30. ಒಟ್ಟು 610. ಪ್ರಯಾಣಿಕರಿಗೆ ಉಳಿಯುವುದು 1,460 ಕೆಜಿ. ಒಬ್ಬರಿಗೆ ಲಗೇಜು ಸೇರಿ 100 ಕೆಜಿ ಹಿಡಿದರೆ 14 ಜನ. ನೀವು 19 ಟಿಕೆಟ್ ಮಾರಿದ ದಿನ ಐದು ಜನರನ್ನೋ ಎಲ್ಲರ ಪೆಟ್ಟಿಗೆಗಳನ್ನೋ ಕೆಳಗೆ ಬಿಡಬೇಕು. ಪೆಟ್ಟಿಗೆ ಬಿಡುವುದು ಸುಲಭ ಅನ್ನಿಸುತ್ತದೆ. ಮಾರನೆಯ ಹಾರಾಟಕ್ಕೂ ಇದೇ ಲೆಕ್ಕ ಇರುವುದರಿಂದ ಬಾಕಿ ಪೆಟ್ಟಿಗೆಗಳು ಬೆಳೆಯುತ್ತಲೇ ಹೋಗುತ್ತವೆ. ದಾರಿ 30-40 ನಿಮಿಷದ್ದಾಗಿ ಬದಲಿ ನಿಲ್ದಾಣ ಹತ್ತಿರವಿದ್ದರೆ ಸಂಖ್ಯೆ 16-17ಕ್ಕೆ ಏರುತ್ತದೆ.

ಇಷ್ಟು ಸಣ್ಣ ವಿಮಾನದಲ್ಲಿ ಸರಾಸರಿ ತೂಕ ನಂಬುವುದು ಅಪಾಯ. ಯುರೋಪಿನ ನಿಯಮದಲ್ಲಿ 30 ಸೀಟಿನ ಮೇಲಿನ ವಿಮಾನಕ್ಕೆ ವಯಸ್ಕರಿಗೆ ಸರಾಸರಿ 84 ಕೆಜಿ ಹಿಡಿಯಬಹುದು. 10ರಿಂದ 19 ಸೀಟಿನದಕ್ಕೆ ಗಂಡಸರಿಗೆ 92, ಹೆಂಗಸರಿಗೆ 74 ಎಂದು ಬೇರೆ ಬೇರೆ ಹಿಡಿಯಬೇಕು, ಲಗೇಜನ್ನು ತೂಗಲೇಬೇಕು. ಕೌಂಟರಿನಲ್ಲಿ ಒಳ್ಳೆಯ ತಕ್ಕಡಿ, ಕೈಚೀಲವನ್ನೂ ತೂಗುವ ಶಿಸ್ತು, ತಲಾ 10 ಅಥವಾ 15 ಕೆಜಿಯ ಮಿತಿಯನ್ನು ಟಿಕೆಟ್ಟಿನಲ್ಲೇ ದೊಡ್ಡದಾಗಿ ಬರೆಯುವುದು: ಮೊದಲ ದಿನದಿಂದಲೇ ಈ ಮೂರೂ ಇರಬೇಕು.

ಟ್ವಿನ್ ಓಟರ್‌ಗೆ ಎದುರಾಗಿ ನಿಲ್ಲುವುದು ಸೆಸ್ನಾ ಸ್ಕೈಕೊರಿಯರ್. 2022ರಲ್ಲಿ ಪ್ರಮಾಣೀಕರಣ ಪಡೆದ ಹೊಸ ವಿಮಾನ, ಗರಿಷ್ಠ ತೂಕ ಸುಮಾರು 8,618 ಕೆಜಿ. 19 ಜನ ಮತ್ತು ಅವರ ಪೆಟ್ಟಿಗೆಗಳು ನಿಜವಾಗಿಯೂ ಹತ್ತುತ್ತವೆ. ಬದಲಿಗೆ ಅದು ಕೇಳುವುದು ಸುಮಾರು 1,100 ಮೀಟರ್ ರನ್‌ವೇ, ಅಂದರೆ ಎಟಿಆರ್ 42 ಕೇಳುವಷ್ಟೇ. ರನ್‌ವೇ 800 ಮೀಟರ್ ಮಾತ್ರ ಇದ್ದರೆ ಟ್ವಿನ್ ಓಟರ್‌ಗೇ ಹೋಗಿ, 14 ಸೀಟಿನ ಲೆಕ್ಕದಲ್ಲೇ ಟಿಕೆಟ್ ದರ ಕಟ್ಟಿ. ಈ ಎರಡರ ನಡುವೆ ಡೋರ್ನಿಯರ್ 228 ಬರುತ್ತದೆ; ಟ್ವಿನ್ ಓಟರ್‌ಗಿಂತ ವೇಗದ್ದು. ಈ ಮೂರರಲ್ಲೂ ಕ್ಯಾಬಿನ್ ಒತ್ತಡವಿಲ್ಲ. ಒತ್ತಡವಿರುವ 19 ಸೀಟಿನ ಬೀಚ್‌ಕ್ರಾಫ್ಟ್ 1900ಡಿ ಗಂಟೆಗೆ 500 ಕಿಮೀ ಆಸುಪಾಸಿನಲ್ಲಿ ಹಾರುತ್ತದೆ, ಬೆಟ್ಟದ ನಾಡಿಗೆ ಹೇಳಿ ಮಾಡಿಸಿದ್ದು. ಅದರ ತಯಾರಿಕೆ 2002ರಲ್ಲೇ ನಿಂತಿದೆ. ಈಗ ಸಿಗುವ ಅತಿ ಹೊಸದೂ ಎರಡು ದಶಕ ಹಳೆಯದು.

34 ಸೀಟು: ಅಗ್ಗದ ಬಾಡಿಗೆ, ದುಬಾರಿ ದಿನಚರಿ

ಸಾಬ್ 340 ತಯಾರಿಕೆ ನಿಂತದ್ದು 1999ರಲ್ಲಿ. ಒತ್ತಡದ ಕ್ಯಾಬಿನ್, ಒಬ್ಬರೇ ಸಿಬ್ಬಂದಿ, 4ನೇ ಅಗ್ನಿಶಾಮಕ ವರ್ಗ. ಬಾಡಿಗೆ ಕಡಿಮೆ ಇರುವುದರಿಂದ ವಿಮಾನ ನೆಲದಲ್ಲಿ ನಿಂತರೂ ಹೊಟ್ಟೆ ಉರಿಯುವುದಿಲ್ಲ. ದಿನಕ್ಕೆ ಎರಡೇ ಹಾರಾಟದ ಮಾರ್ಗಕ್ಕೆ ಇದೇ ದೊಡ್ಡ ಅನುಕೂಲ. ಆದರೆ ಬಿಡಿಭಾಗಗಳು ಬರುವುದು ಕಳಚಿದ ಹಳೆಯ ವಿಮಾನಗಳಿಂದ. ಪೈಲಟ್‌ಗಳ ತರಬೇತಿಗೆ ಸಿಮ್ಯುಲೇಟರುಗಳೂ ಕಡಿಮೆ. ಕೈಯಲ್ಲಿ ನುರಿತ ಎಂಜಿನಿಯರುಗಳ ತಂಡ ಇದ್ದು, ಒಂದರ ಬದಲು ಎರಡು ಅಥವಾ ಮೂರು ವಿಮಾನ ತರುವವರಿಗೆ ಇದು ಸರಿ. ಹೊಸಬರಿಗೆ ಬೇಡ.

48 ಮತ್ತು 70: ಎಟಿಆರ್ ಅಣ್ಣತಮ್ಮಂದಿರು

ಸಣ್ಣ ಸಂಸ್ಥೆಗಳ ನಿಜವಾದ ಜಿಜ್ಞಾಸೆ ಬಹುಪಾಲು ಇಲ್ಲೇ ಇರುತ್ತದೆ. ಏರ್‌ಬಸ್ ಮತ್ತು ಲಿಯೊನಾರ್ಡೊ ಜಂಟಿಯಾಗಿ ನಡೆಸುವ ಎಟಿಆರ್‌ನ ಈ ಎರಡು ಮಾದರಿಗಳಿಗೆ ಪೈಲಟ್ ಲೈಸೆನ್ಸಿನ ಟೈಪ್ ರೇಟಿಂಗ್ (ಆ ಮಾದರಿ ಹಾರಿಸುವ ಅರ್ಹತೆ) ಒಂದೇ, ಎಂಜಿನ್ ಒಂದೇ ಪಿಡಬ್ಲ್ಯು127 ಕುಟುಂಬದ್ದು, ಬಿಡಿಭಾಗಗಳೂ ಬಹುತೇಕ ಒಂದೇ. ಇಂದು 42ರಲ್ಲಿ ಶುರುಮಾಡಿ ನಾಳೆ 72 ಸೇರಿಸಿದರೆ ಸಂಸ್ಥೆಯ ಕಾಗದಪತ್ರ, ತರಬೇತಿ, ಉಗ್ರಾಣ ಯಾವುದನ್ನೂ ಹೊಸದಾಗಿ ಕಟ್ಟಬೇಕಿಲ್ಲ.

42ಕ್ಕೆ ಸುಮಾರು 1,100 ಮೀಟರ್, 72ಕ್ಕೆ ಸುಮಾರು 1,300 ಮೀಟರ್ ರನ್‌ವೇ ಬೇಕು, ಸಮುದ್ರ ಮಟ್ಟದ ತಂಪು ದಿನದಲ್ಲಿ. 800 ಮೀಟರಿನಿಂದ ಏರುವ 42-600ಎಸ್ ಬರುತ್ತದೆಂದು ಕಾದವರಿದ್ದರು. ಆ ಯೋಜನೆಯನ್ನು 2024ರಲ್ಲಿ ಕೈಬಿಡಲಾಯಿತು, ಅದನ್ನು ಲೆಕ್ಕದಿಂದ ತೆಗೆಯಿರಿ. 42ಕ್ಕೆ ಕ್ಯಾಬಿನ್ ಸಿಬ್ಬಂದಿ ಒಬ್ಬರು, 72ಕ್ಕೆ ಇಬ್ಬರು. ಎಟಿಆರ್ 72ರ ಇಂಧನ ಗಂಟೆಗೆ ಸುಮಾರು 650 ಕೆಜಿ, 42 ಕುಡಿಯುವುದು ಅದಕ್ಕಿಂತ ಸ್ವಲ್ಪವೇ ಕಡಿಮೆ. ಟ್ರಿಪ್ಪಿನ ಖರ್ಚಿನಲ್ಲಿ ಅಂತರ ಚಿಕ್ಕದಾಗಿ ಕಾಣುವುದು ಇದಕ್ಕೇ. 72ರ ಪರವಾಗಿ ಇನ್ನೂ ಒಂದು ಮಾತಿದೆ: ಅದು ಹೆಚ್ಚು ಸಂಸ್ಥೆಗಳ ಬಳಿ ಇರುವುದರಿಂದ ಬಾಡಿಗೆಗೂ ಸುಲಭವಾಗಿ ಸಿಗುತ್ತದೆ, ಬೇಡವಾದಾಗ ಬೇರೆಯವರಿಗೆ ದಾಟಿಸುವುದೂ ಸುಲಭ. 42 ಹುಡುಕಿಕೊಂಡು ತಿಂಗಳುಗಟ್ಟಲೆ ಕೂರುವ ಬದಲು 72 ತಂದು 57 ಜನರ ಗುರಿ ಇಟ್ಟುಕೊಳ್ಳುವುದು ಕೆಲವೊಮ್ಮೆ ಬುದ್ಧಿವಂತಿಕೆ. ಅದು ಮಾರ್ಗದಲ್ಲಿ ಈಗಾಗಲೇ ಬಸ್ಸು-ರೈಲು ತುಂಬಿ ಓಡುತ್ತಿದ್ದರೆ ಮಾತ್ರ.

ಸಣ್ಣ ನಿಲ್ದಾಣಕ್ಕೆ ಎಟಿಆರ್ ಒಗ್ಗುವುದು ಅದರ ವಿನ್ಯಾಸದಿಂದ. ಪ್ರಯಾಣಿಕರ ಬಾಗಿಲು ಹಿಂದೆ, ಮೆಟ್ಟಿಲು ಅದರಲ್ಲೇ ಇದೆ, ಏಣಿ ಗಾಡಿ ಬೇಕಿಲ್ಲ. ಲಗೇಜಿನ ಮುಖ್ಯ ಕೋಣೆ ಮುಂದೆ. ನೆಲದ ಮೇಲೆ ವಿದ್ಯುತ್ ಮತ್ತು ತಂಪಿಗೆ ಬೇರೆ ಪುಟ್ಟ ಎಂಜಿನ್ ಇಲ್ಲ. ಬಲಗಡೆಯ ಎಂಜಿನ್ನಿನ ಪ್ರೊಪೆಲ್ಲರಿಗೆ ಬ್ರೇಕ್ ಹಾಕಿ ಎಂಜಿನ್ ಮಾತ್ರ ಓಡಿಸುತ್ತಾರೆ, ಇದಕ್ಕೆ ಹೋಟೆಲ್ ಮೋಡ್ ಎಂದು ಹೆಸರು. ಸದ್ದು-ಹೊಗೆಯ ಕಾರಣಕ್ಕೆ ಇದನ್ನು ನಿರ್ಬಂಧಿಸಿದ ನಿಲ್ದಾಣವಾದರೆ ಗ್ರೌಂಡ್ ಪವರ್ ಗಾಡಿ, ಬಿಸಿಲೂರಾದರೆ ತಂಪು ಗಾಳಿಯ ಗಾಡಿ ಎರಡೂ ನಿಮ್ಮ ಖರ್ಚಿಗೆ ಸೇರುತ್ತವೆ. 20-25 ನಿಮಿಷದಲ್ಲಿ ವಿಮಾನ ತಿರುಗಿಸಬಹುದು.

ಹೊಸ ಸಿಬ್ಬಂದಿ ತಪ್ಪು ಮಾಡುವುದು ತೂಕದ ಹಂಚಿಕೆಯಲ್ಲಿ. ಬಾಗಿಲು ಹಿಂದಿರುವುದರಿಂದ ಇಳಿಯುವವರೆಲ್ಲ ಹಿಂದೆ ಗುಂಪಾಗುತ್ತಾರೆ. ಅದೇ ಹೊತ್ತಿಗೆ ಮುಂದಿನ ಕೋಣೆಯ ಲಗೇಜನ್ನು ಖಾಲಿ ಮಾಡಿದರೆ ವಿಮಾನ ಬಾಲದ ಮೇಲೆ ಕೂತುಬಿಡಬಹುದು. ಬಾಲದ ಕೆಳಗೆ ಆಸರೆ ಕಂಬ ನಿಲ್ಲಿಸಿ ಆಮೇಲೆ ಬಾಗಿಲು ತೆರೆಯುವುದು, ಹತ್ತಿಸುವಾಗ ಮುಂದಿನ ಕೋಣೆ ಮೊದಲು ತುಂಬುವುದು ಕ್ರಮ. ಅರ್ಧ ಖಾಲಿ ಹಾರಾಟಕ್ಕೆ ಇನ್ನೊಂದು ಎಚ್ಚರ ಬೇಕು. 72ರಲ್ಲಿ 20 ಜನ ಬಂದಾಗ ಎಲ್ಲರೂ ತಮಗಿಷ್ಟವಾದ ಹಿಂದಿನ ಸಾಲಿನಲ್ಲಿ ಕೂತರೆ ಸಮತೋಲ ಮಿತಿ ದಾಟುತ್ತದೆ. ಸೀಟು ಹಂಚುವ ಸಾಫ್ಟ್‌ವೇರಿನಲ್ಲಿ ವಲಯಗಳ ಮಿತಿ ಮೊದಲೇ ಹಾಕಿಡಿ. ಇಲ್ಲದಿದ್ದರೆ ಬಾಗಿಲು ಮುಚ್ಚಿದ ಮೇಲೆ ಜನರನ್ನು ಎಬ್ಬಿಸಿ ಕೂರಿಸುವ ಗದ್ದಲ ತಪ್ಪದು.

ಹಿಮಗಟ್ಟುವ ಮೋಡಗಳ ನಾಡಿನಲ್ಲಿ ಹಾರುವವರು ಹಳೆಯ ಎಟಿಆರ್ ತರುವಾಗ ರೆಕ್ಕೆಯ ಮುಂಚೂಣಿಯಲ್ಲಿ ಉಬ್ಬಿ ಹಿಮ ಒಡೆಯುವ ರಬ್ಬರ್ ಪಟ್ಟಿಗಳ, ಅಂದರೆ ಬೂಟುಗಳ ದಾಖಲೆ ನೋಡಲೇಬೇಕು. 1994ರಲ್ಲಿ ಅಮೆರಿಕದ ರೋಸ್‌ಲಾನ್ ಬಳಿ ಹಿಮಗಟ್ಟಿ ಎಟಿಆರ್ 72 ಬಿದ್ದ ಅಪಘಾತದ ನಂತರ ಆ ಬೂಟುಗಳನ್ನು ಹಿಂದಕ್ಕೆ ವಿಸ್ತರಿಸಲಾಯಿತು, ಪೈಲಟ್‌ಗಳ ವಿಧಾನವೂ ಬದಲಾಯಿತು.

ವೇಗ ಕೊಳ್ಳುವುದು: ಡ್ಯಾಶ್ 8-400 ಮತ್ತು ಜೆಟ್

ಡ್ಯಾಶ್ 8-400 ಗಂಟೆಗೆ 667 ಕಿಮೀ ಹಾರುತ್ತದೆ, ಎಟಿಆರ್ 510. ಕಿವಿಗೆ ಇಂಪಾದ ಅಂತರ. 300 ಕಿಮೀ ದಾರಿಗೆ ಬರೀ ಕ್ರೂಸ್ (ನಡುಹಾರಾಟದ) ವೇಗದ ಲೆಕ್ಕ ಹಾಕಿದರೂ 35 ನಿಮಿಷದ ಎದುರು 27: ಉಳಿತಾಯ 8 ನಿಮಿಷ. ಟ್ಯಾಕ್ಸಿ, ಏರಿಕೆ, ಇಳಿಕೆಯ ಸರದಿಯಲ್ಲಿ ಅದೂ ಕರಗುತ್ತದೆ. ದಿನಕ್ಕೆ ಆರು ಹಾರಾಟವಾದರೆ ಒಟ್ಟು 48 ನಿಮಿಷ. ಅಷ್ಟರಲ್ಲಿ ಇನ್ನೊಂದು ಹಾರಾಟ ಹಿಡಿಸುವುದಿಲ್ಲ. 700 ಕಿಮೀ ದಾರಿಯಲ್ಲಿ ಒಂದು ಸಲಕ್ಕೆ 19 ನಿಮಿಷ ಸಿಗುತ್ತದೆ, ಆಗ ವೇಗಕ್ಕೆ ಅರ್ಥ ಬರುತ್ತದೆ. ನಿಮ್ಮ ನಿಲ್ದಾಣ ತೆರೆದಿರುವ ಗಂಟೆಗಳೊಳಗೆ ಆ ವೇಗದಿಂದ ಒಂದು ಹೆಚ್ಚುವರಿ ಸುತ್ತು ಹಿಡಿಸುತ್ತದೆಯೇ? ಇಲ್ಲವಾದರೆ ಗಂಟೆಗೆ ಟನ್ ಮೀರಿ ಕುಡಿಯುವ ಎಂಜಿನ್ನುಗಳಿಗೆ ದುಡ್ಡು ಸುರಿದಂತೆ. ಇದರ ಹೊಸ ತಯಾರಿಕೆಯೂ 2021ರಿಂದ ನಿಂತಿದೆ.

ಇ175 ಜೆಟ್ಟಿಗೆ ತೂಕದ ಆವೃತ್ತಿಗೆ ತಕ್ಕಂತೆ 1,700ರಿಂದ 2,200 ಮೀಟರ್ ರನ್‌ವೇ ಬೇಕು. ಗಂಟೆಯ ಇಂಧನ ಎಟಿಆರ್ 72ರ ದುಪ್ಪಟ್ಟಿಗೂ ಹೆಚ್ಚು. 800 ಕಿಮೀ ಮೀರಿದ, ದುಡ್ಡು ಕೊಡುವ ಪ್ರಯಾಣಿಕರಿರುವ ದಾರಿಗೆ ಅದು ಸೊಗಸಾದ ವಿಮಾನ. 300 ಕಿಮೀ ದಾರಿಗೆ, ಜೆಟ್ ಇದ್ದರೆ ಜನ ಮೆಚ್ಚುತ್ತಾರೆ ಎಂದು ತರುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಮುಡಿದಂತೆ.

ವೆಟ್ ಲೀಸೇ, ಡ್ರೈ ಲೀಸೇ?

ಯಾವ ವಿಮಾನ ಎಂಬಷ್ಟೇ ತೂಕದ ಪ್ರಶ್ನೆ ಇದು. ವೆಟ್ ಲೀಸಿನಲ್ಲಿ ವಿಮಾನ, ಸಿಬ್ಬಂದಿ, ನಿರ್ವಹಣೆ, ವಿಮೆ ನಾಲ್ಕೂ ಕೊಡುವವರದ್ದು. ಹಾರಾಟ ನಡೆಯುವುದು ಅವರ ಎಒಸಿ, ಅಂದರೆ ವಿಮಾನ ನಿರ್ವಾಹಕ ಪ್ರಮಾಣಪತ್ರದ ಅಡಿಯಲ್ಲಿ. ನೀವು ಗಂಟೆ ಲೆಕ್ಕದಲ್ಲಿ ಕೊಡುತ್ತೀರಿ. ಇಂಧನ, ಲ್ಯಾಂಡಿಂಗ್ ಶುಲ್ಕ, ಗ್ರೌಂಡ್ ಹ್ಯಾಂಡ್ಲಿಂಗ್ ನಿಮ್ಮದು. ಗಂಟೆಯ ದರ ದುಬಾರಿ. ಅದಕ್ಕಿಂತ ಕಚ್ಚುವುದು ತಿಂಗಳ ಕನಿಷ್ಠ ಗಂಟೆಗಳ ಷರತ್ತು: ಹಾರಿದರೂ ಹಾರದಿದ್ದರೂ ಅಷ್ಟು ಗಂಟೆಯ ಹಣ ಕಟ್ಟಲೇಬೇಕು. ಆದರೂ ಮಾರ್ಗದಲ್ಲಿ ಜನರಿದ್ದಾರೆಯೇ ಎಂದು ಒಂದು ಋತು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಸೋತರೆ ಸೋಲು ಆರು ತಿಂಗಳಿಗೆ ಮುಗಿಯುತ್ತದೆ.

ಡ್ರೈ ಲೀಸ್ ಎಂದರೆ ಬರೀ ವಿಮಾನದ ಬಾಡಿಗೆ; ಹಾರಿಸಲು ನಿಮ್ಮದೇ ಎಒಸಿ ಬೇಕು. ಅದನ್ನು ಪಡೆಯುವುದು ಐದು ಹಂತದ ಕೆಲಸ: ಅರ್ಜಿಗೆ ಮುಂಚಿನ ಮಾತುಕತೆ, ವಿಧ್ಯುಕ್ತ ಅರ್ಜಿ, ಕೈಪಿಡಿಗಳ ಪರಿಶೀಲನೆ, ಪ್ರಾತ್ಯಕ್ಷಿಕೆ ಮತ್ತು ತಪಾಸಣೆ, ಕೊನೆಗೆ ಪ್ರಮಾಣಪತ್ರ. ಹೆಚ್ಚು ದಿನ ತಿನ್ನುವುದು ಮೂರನೆಯ ಹಂತ, ಬೇರೆ ಸಂಸ್ಥೆಯ ಕೈಪಿಡಿಯನ್ನು ನಕಲು ಮಾಡಿ ಹೆಸರು ಬದಲಿಸಿದವರಿಗೆ ಇನ್ನೂ ಹೆಚ್ಚು. ಪೈಲಟ್‌ಗಳ ಟೈಪ್ ರೇಟಿಂಗಿಗೆ ಒಂದೂವರೆ-ಎರಡು ತಿಂಗಳು, ಆಮೇಲೆ ಪ್ರಯಾಣಿಕರ ಹಾರಾಟದಲ್ಲೇ ತರಬೇತಿ. ದಿನವಿಡೀ ಹಾರುವ ಒಂದು ವಿಮಾನಕ್ಕೆ ನಾಲ್ಕರಿಂದ ಐದು ಜೋಡಿ ಪೈಲಟ್‌ಗಳು ಬೇಕು. ಗಿಡ್ಡ ಹಾರಾಟಗಳಲ್ಲಿ ಹಾರಾಟದ ಗಂಟೆಗಳಿಗಿಂತ ಮೊದಲು ಕರ್ತವ್ಯದ ಗಂಟೆಗಳ ಮಿತಿ ಮುಗಿಯುತ್ತದೆ. ಮೂರು ಜೋಡಿಯಲ್ಲಿ ಸುಧಾರಿಸುತ್ತೇವೆ ಎಂದವರ ಹಾರಾಟ ಒಬ್ಬರಿಗೆ ಜ್ವರ ಬಂದರೂ ರದ್ದು.

ಡ್ರೈ ಲೀಸಿನಲ್ಲಿ ತಿಂಗಳ ಬಾಡಿಗೆಯ ಮೇಲೆ ನಿರ್ವಹಣಾ ಮೀಸಲು ಎಂಬ ಇನ್ನೊಂದು ಕಂತು ಬರುತ್ತದೆ. ಎಂಜಿನ್ನಿಗೆ ಗಂಟೆ ಲೆಕ್ಕ, ಚಕ್ರಗಳ ವ್ಯವಸ್ಥೆಗೆ ಮತ್ತು ಎಂಜಿನ್ನಿನ ಆಯಸ್ಸು ನಿಗದಿಯಾದ ಭಾಗಗಳಿಗೆ ಎಷ್ಟು ಸಲ ಏರಿ ಇಳಿಯಿತು ಎಂಬ ಲೆಕ್ಕ. ಸಣ್ಣ ದಾರಿಯವರಿಗೆ ಪೆಟ್ಟು ಬೀಳುವುದು ಇಲ್ಲೇ. ವರ್ಷಕ್ಕೆ 2,400 ಗಂಟೆ ಹಾರುವ ವಿಮಾನ 80 ನಿಮಿಷದ ದಾರಿಯಲ್ಲಾದರೆ 1,800 ಸಲ ಇಳಿಯುತ್ತದೆ, 40 ನಿಮಿಷದ ದಾರಿಯಲ್ಲಾದರೆ 3,600 ಸಲ. ಗಂಟೆ ಅಷ್ಟೇ, ಸವೆತ ದುಪ್ಪಟ್ಟು. ಕರಾರಿನ ದರ ಎಷ್ಟು ನಿಮಿಷದ ಸರಾಸರಿ ಹಾರಾಟಕ್ಕೆ ಕಟ್ಟಿದ್ದು, ಅದಕ್ಕಿಂತ ಗಿಡ್ಡವಾದರೆ ಎಷ್ಟು ಏರುತ್ತದೆ ಎಂಬ ಕೋಷ್ಟಕವನ್ನು ಸಹಿಗೆ ಮೊದಲೇ ಕೇಳಿ.

ಯಾರಿಗೆ ಯಾವುದು

ರನ್‌ವೇ 800 ಮೀಟರಿಗಿಂತ ಗಿಡ್ಡ, ದಿನಕ್ಕೆ 25-50 ಜನ: ಟ್ವಿನ್ ಓಟರ್. ಅಷ್ಟೇ ಜನ, ರನ್‌ವೇ 1,200 ಮೀಟರ್, ಬೆಟ್ಟವಿಲ್ಲದ ದಾರಿ: ಸ್ಕೈಕೊರಿಯರ್. 20-30 ಜನ, ಒಳ್ಳೆಯ ಹವೆ, ಬಂಡವಾಳ ಕಡಿಮೆ, ಒಂದೇ ಎಂಜಿನ್ನಿಗೆ ನಿಯಂತ್ರಕರ ಒಪ್ಪಿಗೆ: ಕ್ಯಾರವಾನ್. ಒಂದು ದಿಕ್ಕಿಗೆ 70ರಿಂದ 95 ಜನ, ಬೆಳಗ್ಗೆ-ಸಂಜೆ ಎರಡು ಹಾರಾಟ: ಎಟಿಆರ್ 42. 110 ದಾಟಿದರೆ 72. ನಡುವೆ ಇದ್ದು, ಮಾರ್ಗ ಬೆಳೆಯುತ್ತದೆಂಬ ನಂಬಿಕೆ ಇದ್ದು, ಒಂದು ವರ್ಷ ನಷ್ಟ ತಡೆಯುವ ಹಣವಿದ್ದರೆ 72. ನಂಬಿಕೆ ಮಾತ್ರ ಇದ್ದು ಹಣ ಇಲ್ಲದಿದ್ದರೆ 42.

ಈ ಯಾವ ಆಯ್ಕೆಯೂ ಒಂದೇ ವಿಮಾನದ ಮೇಲೆ ನಿಲ್ಲುವುದಿಲ್ಲ. ಒಂದು ವಿಮಾನದ ಸಂಸ್ಥೆ ಎಂದರೆ ಒಂದು ಟೈರು ಹೋದರೆ ಇಡೀ ದಿನದ ಎಲ್ಲಾ ಹಾರಾಟ ಹೋಗುವ ಸಂಸ್ಥೆ. ಎರಡು ಸಣ್ಣವು ಒಂದು ದೊಡ್ಡದಕ್ಕಿಂತ ಮೇಲು. ಎರಡನೆಯದಕ್ಕೆ ಅರ್ಧ ದಿನದ ಕೆಲಸ ಮಾತ್ರ ಕೊಟ್ಟು ಉಳಿದರ್ಧ ಸ್ಪೇರ್ ಆಗಿ ಇಟ್ಟುಕೊಳ್ಳಿ. ಅದೂ ಆಗದಿದ್ದರೆ, ಅದೇ ಮಾದರಿ ಹಾರಿಸುವ ಇನ್ನೊಂದು ಸಂಸ್ಥೆಯ ಜೊತೆ ತುರ್ತು ಹಾರಾಟಕ್ಕೂ ಬಿಡಿಭಾಗಕ್ಕೂ ಬರೆದ ಒಪ್ಪಂದ ಇರಲಿ. ದೂರದ ತುದಿಯ ನಿಲ್ದಾಣದಲ್ಲಿ ಎರಡು ಮುಖ್ಯ ಚಕ್ರ, ಒಂದು ಮೂಗಿನ ಚಕ್ರ, ಜ್ಯಾಕ್, ಸಾರಜನಕದ ಸಿಲಿಂಡರ್, ಒಂದು ಬ್ಯಾಟರಿ, ಎಂಜಿನ್ ಎಣ್ಣೆ ಮತ್ತು ಹೈಡ್ರಾಲಿಕ್ ದ್ರವ ಬೀಗ ಹಾಕಿದ ಕೋಣೆಯಲ್ಲಿ ಸಿದ್ಧವಿರಲಿ. ಕಿಟ್ಟು ಇದ್ದು ಅದನ್ನು ಹಾಕಿ ಸಹಿ ಮಾಡಬಲ್ಲ ಎಂಜಿನಿಯರ್ ಬೇರೆ ತುದಿಯಲ್ಲಿದ್ದರೆ ಏನೂ ಉಪಯೋಗವಿಲ್ಲ. ಕೆಲವು ಸಂಸ್ಥೆಗಳು ಹಾರಾಟದಲ್ಲೇ ಎಂಜಿನಿಯರರನ್ನು ಕರೆದೊಯ್ಯುತ್ತವೆ. 48ರಲ್ಲಿ ಒಂದು ಸೀಟು ಹೋಗುತ್ತದೆ, ಹೋಗಲಿ.

ಹಳೆಯ ವಿಮಾನ ಪಡೆಯುವಾಗ ಬಣ್ಣ, ಸೀಟಿನ ಬಟ್ಟೆ ಆಮೇಲೆ ನೋಡಿ. ಮೊದಲು ಪೆಟ್ಟಿಗೆಗಟ್ಟಲೆ ಬರುವ ದಾಖಲೆ ಬಿಚ್ಚಿಸಿ. ಆಯಸ್ಸು ನಿಗದಿಯಾದ ಪ್ರತಿ ಭಾಗಕ್ಕೂ ಕಾರ್ಖಾನೆಯಿಂದ ಹೊರಬಂದ ದಿನದಿಂದ ಇಂದಿನವರೆಗೆ, ಯಾವ ವಿಮಾನದಲ್ಲಿ ಎಷ್ಟು ಸಲ ಇಳಿಯಿತು ಎಂಬ ಮುರಿಯದ ಸರಣಿ ಇರಬೇಕು. ನಡುವೆ ಒಬ್ಬ ಹಳೆಯ ನಿರ್ವಾಹಕನ ಎರಡು ವರ್ಷದ ಹಾಳೆ ಕಾಣೆಯಾಗಿದ್ದರೆ ಆ ಭಾಗ ಕಣ್ಣಿಗೆ ಎಷ್ಟು ಹೊಳೆದರೂ ಗುಜರಿ. ಲೀಸ್ ಮುಗಿದು ವಿಮಾನ ಹಿಂದಿರುಗಿಸುವ ದಿನ ಆ ಹಾಳೆಯನ್ನು ಕೇಳುವುದು ನಿಮ್ಮನ್ನೇ.